ಚಿಂತಾಮಣಿ ಕೇಂದ್ರದ ಬೆಳಗಿನ ಪಾಳಿ

ಈ ಬರಹದಲ್ಲಿ ಬರುವ ದಿನಗಳನ್ನು ಮೂರು ಕಡೆ ತಾಳೆ ನೋಡಿದ್ದೇನೆ: ನನ್ನ ದಿನಚರಿ, ಚಿಕ್ಕಬಳ್ಳಾಪುರದ ಮೂಲ ಕೇಂದ್ರದ ಯಂತ್ರ ಅಚ್ಚು ಮಾಡಿ ಕೊಡುತ್ತಿದ್ದ ಉದ್ದನೆಯ ಪಟ್ಟಿಗಳು, ಮತ್ತು ನನ್ನ ಸಹಾಯಕ ಸಂಶೋಧಕಿ ಇಟ್ಟುಕೊಂಡಿದ್ದ ಒಂದು ಸಣ್ಣ ನೋಟ್‌ಬುಕ್ಕು. ಮೂರೂ ಒಪ್ಪದ ಕಡೆ ದಿನವನ್ನು ಬಿಟ್ಟು ತಿಂಗಳನ್ನಷ್ಟೇ ಹೇಳುತ್ತೇನೆ. ಎಂಬತ್ತರ ದಶಕ ಮುಗಿದು ತೊಂಬತ್ತರ ದಶಕ ಕಾಲಿಟ್ಟ ಚಳಿಗಾಲ ಅದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ಈ ನಾಲ್ಕು ಊರುಗಳಲ್ಲಿದ್ದ ಒಂದು ಇಲಾಖೆಯ ಕಚೇರಿಗಳನ್ನು ನಿಸ್ತಂತು ಜಾಲದಿಂದ ಜೋಡಿಸುವ ಪ್ರಯೋಗ ನಮ್ಮ ಸಂಸ್ಥೆಯ ಪಾಲಿಗೆ ಬಂದಿತ್ತು. ಇಲಾಖೆಯನ್ನೂ ಸಂಸ್ಥೆಯನ್ನೂ ಇಲ್ಲಿ ಹೆಸರಿಸುವುದಿಲ್ಲ. ಹೆಸರಿಸದೆಯೇ ಒಬ್ಬರನ್ನು ಗುರುತಿಸಿಬಿಡುವುದು ಎಷ್ಟು ಸುಲಭ ಎಂಬುದನ್ನು ನಾನು ಈ ಪ್ರಯೋಗದಲ್ಲೇ ಕಲಿತೆ.

ಇಡೀ ಜಾಲಕ್ಕೆ ನಮಗೆ ಸಿಕ್ಕಿದ್ದು ಒಂದೇ ಚಾನೆಲ್. ಚಿಕ್ಕಬಳ್ಳಾಪುರದ ಮೂಲ ಕೇಂದ್ರದ ಕಡೆಗೆ ಹೋಗುವುದಕ್ಕೊಂದು, ಅಲ್ಲಿಂದ ಬರುವುದಕ್ಕೊಂದು ಎಂದು ಎರಡು ತರಂಗಾಂತರಗಳಿದ್ದರೂ ಒಂದು ಕ್ಷಣದಲ್ಲಿ ಒಬ್ಬರಷ್ಟೇ ಬಳಸಬಹುದಾದ ಒಂಟಿ ದಾರಿ. ಅದರಲ್ಲಿ ಎರಡು ಬಗೆಯ ಸಂಚಾರ ಹಾಯಬೇಕಿತ್ತು. ಮೊದಲನೆಯದು ಮಾತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯವರು ಚಿಂತಾಮಣಿಯವರನ್ನು ಕರೆದು ಈ ದಿನ ಎಷ್ಟು ಲಾಟು ಗೂಡು ಬಂದಿದೆ, ನೂಲು ಬಿಚ್ಚುವ ರೀಲರ್‌ಗಳು ಬಂದಿದ್ದಾರೆಯೇ, ಯಾವ ಕಡೆಯ ಗೂಡಿನಲ್ಲಿ ರೋಗ ಕಂಡಿದೆ ಎಂದು ಕೇಳುವರು. ಎರಡನೆಯದು ದತ್ತಾಂಶ: ಹರಾಜು ನಡೆಯುತ್ತಿದ್ದಂತೆಯೇ ಪ್ರತಿ ಲಾಟಿನ ದರವನ್ನು ಯಂತ್ರಕ್ಕೆ ಒತ್ತಿ ಉಳಿದ ಮೂರು ಊರುಗಳಿಗೆ ಕಳಿಸುವ ಅಂಕಿಗಳು.

ಇವೆರಡಕ್ಕೂ ಸ್ವಭಾವದಲ್ಲೇ ಹೊಂದಿಕೆಯಿಲ್ಲ. ಮಾತು ತಡವನ್ನು ಸಹಿಸದು, ಆದರೆ ಅಲ್ಲಲ್ಲಿ ಒಂದಿಷ್ಟು ಕೆಟ್ಟರೂ ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ದತ್ತಾಂಶ ಎಷ್ಟು ಹೊತ್ತಾದರೂ ಕಾಯುತ್ತದೆ, ಆದರೆ ಒಂದು ಅಂಕಿಯೂ ತಪ್ಪುವಂತಿಲ್ಲ. ನಮ್ಮ ಸಂಶೋಧನೆಯ ತಿರುಳು ಇಷ್ಟೇ: ಮಾತನಾಡುವವರು ಸತತವಾಗಿ ಮಾತನಾಡುವುದಿಲ್ಲ, ಉಸಿರಿಗೆ ನಿಲ್ಲುತ್ತಾರೆ, ಯೋಚಿಸಲು ನಿಲ್ಲುತ್ತಾರೆ. ಆ ಬಿಡುವುಗಳಲ್ಲಿ ಚಾನೆಲ್ ಸುಮ್ಮನೆ ಬಿದ್ದಿರುತ್ತದೆ. ಅದನ್ನು ಕಿತ್ತು ದತ್ತಾಂಶಕ್ಕೆ ಕೊಟ್ಟರೆ ಒಂದು ದಾರಿಯಲ್ಲಿ ಎರಡು ದಾರಿಯ ಕೆಲಸ ಆಗುತ್ತದೆ.

ಹಾಗಾದರೆ ಮಾತು ನಿಂತ ಮೇಲೆ ಮೂಲ ಕೇಂದ್ರ ಎಷ್ಟು ಹೊತ್ತು ಕಾದು "ಇದು ಬಿಡುವು" ಎಂದು ತೀರ್ಮಾನಿಸಬೇಕು? ಇದನ್ನು ನಾವು ಕಾಯುವ ಅವಧಿ ಎಂದು ಕರೆಯುತ್ತಿದ್ದೆವು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಆರು ಮಂದಿ ಸಹೋದ್ಯೋಗಿಗಳನ್ನು ಮೈಕಿನ ಮುಂದೆ ಕೂರಿಸಿ, ದಿನಪತ್ರಿಕೆ ಓದಿಸಿ, ಪ್ರತಿಯೊಂದು ಬಿಡುವನ್ನೂ ಅಳೆದು, ಅರ್ಧ ಸೆಕೆಂಡ್ ಸಾಕೆಂದು ನಿರ್ಧರಿಸಿದೆವು. ಆರೂ ಮಂದಿ ವರ್ಷಗಟ್ಟಲೆ ಪಾಠ ಹೇಳಿದವರು. ಆಗ ಇದು ನಮ್ಮ ಗಮನಕ್ಕೆ ಬರಲಿಲ್ಲ.

ಯಂತ್ರದ ನಡವಳಿಕೆ ಹೀಗಿತ್ತು. ಆಪರೇಟರ್ ಮೈಕಿನ ಗುಂಡಿ ಒತ್ತಿ ಮಾತನಾಡುವಾಗ ಚಾನೆಲ್ ಅವರದು. ಅವರು ಅರ್ಧ ಸೆಕೆಂಡಿಗಿಂತ ಹೆಚ್ಚು ಸುಮ್ಮನಾದರೆ, ಗುಂಡಿ ಒತ್ತಿಯೇ ಇದ್ದರೂ, ಮೂಲ ಕೇಂದ್ರ ಅವರ ಪ್ರಸಾರವನ್ನು ನಿಲ್ಲಿಸಿ, ಕಾದಿದ್ದ ದತ್ತಾಂಶದ ಒಂದು ಕಂತನ್ನು ಸಾಗಿಸುತ್ತಿತ್ತು. ಒಂದು ಕಂತಿಗೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಹೊತ್ತು ಆಪರೇಟರ್ ಎದುರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ದೀಪ ಆರಿದ ಮೇಲೆ ಮಾತು ಮುಂದುವರಿಸಬಹುದು. ಯಾವ ಕೇಂದ್ರದ ಮಾತು ಎಷ್ಟು ಬಾರಿ ಹೀಗೆ ನಡುವೆ ತಡೆಯಲ್ಪಟ್ಟಿತು ಎಂಬುದನ್ನು ಯಂತ್ರ ತಾನೇ ಎಣಿಸಿ ಅಚ್ಚು ಮಾಡುತ್ತಿತ್ತು.

ನವೆಂಬರ್ ತಿಂಗಳಲ್ಲಿ ಜಾಲ ಶುರುವಾಯಿತು. ಎರಡನೆಯ ವಾರಕ್ಕೇ ಪಟ್ಟಿಯಲ್ಲಿ ಒಂದು ವಿಚಿತ್ರ ಕಾಣಿಸಿತು. ಶಿಡ್ಲಘಟ್ಟ, ಗೌರಿಬಿದನೂರುಗಳಲ್ಲಿ ತಡೆಗಳು ಅಪರೂಪ. ಚಿಂತಾಮಣಿಯಲ್ಲಿ ವಿಪರೀತ, ಅದೂ ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ನಂತರ ಚಿಂತಾಮಣಿಯೂ ಉಳಿದವರ ಹಾಗೆಯೇ ಇರುತ್ತಿತ್ತು.

ಶಿಡ್ಲಘಟ್ಟದ ಆಪರೇಟರ್ ಬಾಯಿ ಜೋರಿನ ಮನುಷ್ಯ. ಒಂದು ಬೆಳಿಗ್ಗೆ ನಾನು ಮೂಲ ಕೇಂದ್ರದಲ್ಲಿ ಕೂತು ಕೇಳುತ್ತಿದ್ದಾಗಲೇ ಅವರು ಚಿಂತಾಮಣಿಯವರನ್ನು ಛೇಡಿಸಿದರು.

"ಏನ್ ಸಾಬ್ರೇ, ಅರ್ಧ ಮಾತು ನಮಗೆ, ಅರ್ಧ ಮಾತು ಕೈವಾರದ ಬೆಟ್ಟಕ್ಕಾ? ಪೂರ್ತಿ ಕಳ್ಸ್ರಪ್ಪ. ಇಲ್ಲಿ ಹರಾಜು ಮುಗ್ದು ಜನ ಬಿರಿಯಾನಿಗೆ ಹೊರಟ್ರು."

ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯಿಂದ ಲಾಟುಗಳ ಸಂಖ್ಯೆಯಷ್ಟೇ ಬಂತು, ಬೇರೊಬ್ಬರ ಧ್ವನಿಯಲ್ಲಿ.

"ನೋಡಿ ಸಾರ್, ಚಿಂತಾಮಣಿ ಸೆಟ್ಟು ಕೈ ಕೊಡ್ತಾ ಇದೆ" ಎಂದು ಶಿಡ್ಲಘಟ್ಟದವರು ನನಗೆ ದೂರು ಕೊಟ್ಟರು. ನಾನೂ ಹಾಗೆಯೇ ತಿಳಿದೆ.

ಮೊದಲು ಚಿಂತಾಮಣಿಯ ಆಂಟೆನಾದ ಕೇಬಲ್ ಬದಲಾಯಿಸಿದೆವು. ಅದರ ಜೋಡಣೆಯೊಂದರಲ್ಲಿ ಸಣ್ಣ ತುಕ್ಕು ಸಿಕ್ಕಿತು, ಕಾರಣ ಸಿಕ್ಕಿತೆಂದು ಸಂತೋಷಪಟ್ಟೆವು. ಪಟ್ಟಿ ಬದಲಾಗಲಿಲ್ಲ. ಕಂಬವನ್ನು ಎತ್ತರಿಸಿದೆವು. ಆಮೇಲೆ ಹತ್ತಿರದ ನೂಲು ಬಿಚ್ಚುವ ಘಟಕಗಳ ಮೋಟಾರುಗಳ ಮೇಲೆ ಅನುಮಾನ ಹುಟ್ಟಿತು. ಸಹಾಯಕಿ ಒಂದು ವಾರ ಸಣ್ಣ ರೇಡಿಯೋ ಹಿಡಿದು ಆ ಬೀದಿಗಳಲ್ಲಿ ಗದ್ದಲವನ್ನು ಅಳೆದಳು. ಗದ್ದಲವಿತ್ತು, ಆದರೆ ಸಂಜೆಯೂ ಅಷ್ಟೇ ಇತ್ತು. ಸೆಟ್ಟನ್ನೇ ಬಿಚ್ಚಿ ತಂದು ಗೌರಿಬಿದನೂರಿನ ಸೆಟ್ಟನ್ನು ಅಲ್ಲಿಗೆ ಕೊಟ್ಟೆವು. ಚಿಂತಾಮಣಿಯಿಂದ ಬಂದ ಸೆಟ್ಟು ಗೌರಿಬಿದನೂರಿನಲ್ಲಿ ಒಂದು ದೂರಿಗೂ ಆಸ್ಪದ ಕೊಡದೆ ಕೆಲಸ ಮಾಡಿತು. ಚಿಂತಾಮಣಿಯ ಬೆಳಿಗ್ಗೆಗಳು ಹಾಗೆಯೇ ಉಳಿದವು.

ಈ ಓಡಾಟಗಳಲ್ಲಿ ಅಲ್ಲಿನ ಬೆಳಗಿನ ಪಾಳಿಯ ಆಪರೇಟರನ್ನು ನಾನು ಮೂರು ಬಾರಿ ಕಂಡಿದ್ದೆ. ನಲವತ್ತರ ಆಸುಪಾಸಿನ ಮುಸ್ಲಿಂ ಗೃಹಸ್ಥರು. ಇಸ್ತ್ರಿ ಮಾಡಿದ ಅಂಗಿ, ಸೆಟ್ಟಿನ ಮೇಲೆ ಧೂಳು ಕೂರದಂತೆ ಮನೆಯಿಂದ ತಂದು ಹಾಸಿದ ಕಸೂತಿಯ ಬಟ್ಟೆ. ನಾನು ಕೇಳಿದ್ದಕ್ಕೆಲ್ಲ ತಲೆಯಾಡಿಸುವರು, ಚಹಾ ತರಿಸುವರು, ಕೇಬಲ್ ಎಳೆಯುವಾಗ ತಾವೇ ಏಣಿ ಹಿಡಿಯುವರು. ಮಿತಭಾಷಿ ಎಂದುಕೊಂಡೆ. ಸೆಟ್ಟನ್ನು ಪರೀಕ್ಷಿಸುವಾಗ ಪ್ರತಿಬಾರಿಯೂ ನಾನೇ ಮೈಕು ಹಿಡಿದು ಒಂದರಿಂದ ನೂರರವರೆಗೆ ಎಣಿಸುತ್ತಿದ್ದೆ. ಒಂದು ಬಾರಿಯೂ ಕೆಂಪು ದೀಪ ಹತ್ತಲಿಲ್ಲ.

ಡಿಸೆಂಬರ್ ಕೊನೆಯ ಹೊತ್ತಿಗೆ ನನಗೆ ಒಂದು ವಿವರಣೆ ಹೊಳೆಯಿತು. ಚಳಿಗಾಲದ ಬೆಳಿಗ್ಗೆ ನೆಲದ ಮೇಲಿನ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುತ್ತದೆ. ಈ ಪದರಗಳ ನಡುವೆ ತರಂಗಗಳು ಬಾಗುತ್ತವೆ, ದೂರದ ಕೇಂದ್ರದ ಸಂಕೇತ ಏರಿಳಿಯುತ್ತದೆ. ಸಂಕೇತ ಕುಸಿದ ಕ್ಷಣವನ್ನು ಮೂಲ ಕೇಂದ್ರ ಮೌನವೆಂದು ಭಾವಿಸಿ ಚಾನೆಲನ್ನು ಕಿತ್ತುಕೊಳ್ಳುತ್ತಿದೆ. ಬೆಳಿಗ್ಗೆ ಮಾತ್ರ ಏಕೆ ಎಂಬುದಕ್ಕೂ ಉತ್ತರ ದೊರೆಯಿತು, ನಾಲ್ಕರಲ್ಲಿ ಚಿಂತಾಮಣಿಯೊಂದೇ ಏಕೆ ಎಂಬುದಕ್ಕೆ ಬೆಟ್ಟಗಳ ಸಾಲನ್ನು ತೋರಿಸಬಹುದಿತ್ತು. ಸುಂದರವಾದ ವಾದ. ಮಂಜಿನ ಕುರಿತು ಪ್ರಬಂಧವೊಂದರ ಕರಡನ್ನೂ ಬರೆದೆ. ಸಹಾಯಕಿ ಅದನ್ನು ಎರಡು ಬಾರಿ ಓದಿ, ಕಾಗುಣಿತವನ್ನಷ್ಟೇ ತಿದ್ದಿ ಹಿಂದಿರುಗಿಸಿದಳು.

ಆಕೆ ಪೆರೇಸಂದ್ರದ ರೈತ ಮನೆತನದವಳು. ದಿನವೂ ಹೆದ್ದಾರಿಯ ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದಳು. ಮಂಜಿನ ದಿನ ಬಸ್ಸು ತಡವಾದರೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು ಅವಳ ಅಭ್ಯಾಸ; ಹಾಜರಿಯ ಬಗ್ಗೆ ಯಾರಾದರೂ ಕೇಳಿದರೆ ಉತ್ತರವಿರಲಿ ಎಂದು. ನನ್ನ ವಾದಕ್ಕೆ ಆಧಾರವಾಗಿ ಜನವರಿಯಲ್ಲಿ ಆ ನೋಟ್‌ಬುಕ್ಕನ್ನು ಕೇಳಿ ಪಡೆದೆ. ಮಂಜು ಹೆಚ್ಚಿದ್ದ ದಿನ ತಡೆಗಳೂ ಹೆಚ್ಚಿರಬೇಕು.

ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಜನವರಿಯಲ್ಲಿ ಒಂದು ಮಂಗಳವಾರದಿಂದ ಶನಿವಾರದವರೆಗೆ ಐದು ದಿನ ಚಿಂತಾಮಣಿಯಲ್ಲಿ ಬೆಳಿಗ್ಗೆಯೂ ತಡೆಯೇ ಇರಲಿಲ್ಲ. ಆ ವಾರ ಏನಾಗಿತ್ತು? ಚಿಂತಾಮಣಿ ಕಚೇರಿಯಿಂದ ಹಾಜರಿ ಪುಸ್ತಕದ ಪ್ರತಿ ತರಿಸಿದೆ. ಆಪರೇಟರ್ ತಂಗಿಯ ನಿಕಾಹ್‌ಗೆಂದು ಐದು ದಿನ ರಜೆ ಹಾಕಿದ್ದರು, ಆದರೆ ಸೋಮವಾರದಿಂದ ಶುಕ್ರವಾರದವರೆಗೆ. ಹೊಂದುವುದಿಲ್ಲವೆಂದು ಅದನ್ನು ಬದಿಗಿಟ್ಟೆ.

ಎರಡು ದಿನಗಳ ನಂತರ ಬೇರೆ ಕೆಲಸಕ್ಕೆ ಪಟ್ಟಿ ತಿರುವುವಾಗ, ಭಾನುವಾರವೆಂದು ಅಚ್ಚಾಗಿದ್ದ ಹಾಳೆಯಲ್ಲಿ ನಾನೇ ಹಾಕಿದ್ದ ರುಜು ಕಂಡಿತು. ನನ್ನ ದಿನಚರಿಯ ಪ್ರಕಾರ ಆ ಭಾನುವಾರ ನಾನು ಬೆಂಗಳೂರಿನಲ್ಲಿದ್ದೆ. ವಿಚಾರಿಸಿದಾಗ ತಿಳಿಯಿತು: ವರ್ಷದ ಮೊದಲ ವಾರ ವಿದ್ಯುತ್ ಹೋಗಿ ಬಂದ ಮೇಲೆ ಯಂತ್ರದ ಗಡಿಯಾರವನ್ನು ಕೈಯಿಂದ ಸರಿಪಡಿಸುವಾಗ ಒಂದು ದಿನ ಮುಂದಿಟ್ಟಿದ್ದರು. ಪಟ್ಟಿಯನ್ನು ಒಂದು ದಿನ ಹಿಂದಕ್ಕೆ ಸರಿಸಿದೆ. ಐದು ದಿನಗಳೂ ರಜೆಯ ಮೇಲೆ ಸರಿಯಾಗಿ ಕೂತವು. ಆ ಐದರಲ್ಲಿ ನಾಲ್ಕು ದಿನ ಸಹಾಯಕಿಯ ಬಸ್ಸು ಮಂಜಿನಿಂದ ತಡವಾಗಿತ್ತು.

ನೋಟ್‌ಬುಕ್ಕು, ಹಾಜರಿ ಪುಸ್ತಕ, ಪಟ್ಟಿ ಮೂರನ್ನೂ ಅವಳ ಮುಂದಿಟ್ಟೆ. ಅವಳು ಅವುಗಳನ್ನು ನೋಡಲೇ ಇಲ್ಲ.

"ಟೇಪ್ ಕೇಳಿ ಸಾರ್" ಎಂದಳು. "ಮಾತೆಲ್ಲ ಮೊದ್ಲಿಂದ್ಲೂ ರೆಕಾರ್ಡ್ ಆಗ್ತಾನೇ ಇದೆ. ನಾವು ಬರೀ ಅಂಕಿ ನೋಡ್ತಾ ಕೂತಿದೀವಿ."

"ನಿನಗೆ ಗೊತ್ತಿತ್ತೇ?"

"ಮೋಟಾರು ಗಲಾಟೆ ಅಳೆಯಕ್ಕೆ ಒಂದು ವಾರ ಅಲ್ಲೇ ಇದ್ನಲ್ಲ ಸಾರ್. ಅವ್ರ ಕೈಲಿ ಮಾತಾಡಿದೀನಿ. ಬಾಯಿಬಿಟ್ಟು ಹೇಳಣ ಅಂದ್ರೆ, ನೀವು ಅಷ್ಟೊತ್ತಿಗೆ ಮಂಜು ಅಂತ ಬರೆದ್ಬಿಟ್ಟಿದ್ರಿ."

ಟೇಪು ಕೇಳಿದೆವು. ಆಪರೇಟರ್ ಶಿಡ್ಲಘಟ್ಟವನ್ನು ಕರೆಯುತ್ತಾರೆ. ಲಾಟುಗಳ ಲೆಕ್ಕ ಶುರುಮಾಡುತ್ತಾರೆ. ಒಂದು ಶಬ್ದದ ಹೊಸ್ತಿಲಲ್ಲಿ ಧ್ವನಿ ನಿಂತುಬಿಡುತ್ತದೆ. ತಡವರಿಸುವ ಸದ್ದೂ ಇಲ್ಲ, ಬರಿಯ ನಿಲುಗಡೆ. ಅರ್ಧ ಸೆಕೆಂಡ್ ಕಳೆದದ್ದೇ ದತ್ತಾಂಶದ ಕೀಚು ದನಿ ನುಗ್ಗುತ್ತದೆ. ಅದು ಮುಗಿದ ಮೇಲೆ ಅವರು ವಾಕ್ಯವನ್ನು ಮೊದಲಿಂದ ಎತ್ತಿಕೊಳ್ಳುತ್ತಾರೆ, ಅದೇ ಶಬ್ದದ ಮುಂದೆ ಮತ್ತೆ ನಿಲ್ಲುತ್ತಾರೆ, ಮತ್ತೆ ಕೀಚು ದನಿ. ನಾಲ್ಕನೆಯ ಬಾರಿಗೆ ಬೇರೊಬ್ಬರು ಮೈಕು ತೆಗೆದುಕೊಳ್ಳುತ್ತಾರೆ. ಅವರಿಗೆ ಉಗ್ಗು ಇತ್ತು. ಎರಡು ತಿಂಗಳ ಕಾಲ, ಅವರ ನಾಲಿಗೆ ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ನಾನು ಮಾಡಿದ ಯಂತ್ರ ಅವರ ಕಣ್ಣಿನ ಮುಂದೆ ಕೆಂಪು ದೀಪ ಹಚ್ಚಿತ್ತು.

ಮರುದಿನವೇ ಇಬ್ಬರೂ ಚಿಂತಾಮಣಿಗೆ ಹೋದೆವು. ಹರಾಜು ಮುಗಿದು ಮಾರುಕಟ್ಟೆ ಖಾಲಿಯಾಗಿತ್ತು. ನಾನು ಹೇಗೆ ಮಾತು ತೆಗೆಯಲಿ ಎಂದು ಯೋಚಿಸುತ್ತಿದ್ದಾಗ ಸಹಾಯಕಿಯೇ ನೇರವಾಗಿ ಹೇಳಿದಳು: "ಭಾಯ್, ತಪ್ಪು ಸೆಟ್ಟಿಂದೂ ಅಲ್ಲ, ನಿಮ್ದೂ ಅಲ್ಲ. ನಮ್ಮ ಯಂತ್ರದ್ದು. ಅದಕ್ಕೆ ಕಾಯಕ್ಕೆ ಬರಲ್ಲ."

ಅವರು ಸೆಟ್ಟಿನ ಮೇಲಿನ ಕಸೂತಿಯ ಬಟ್ಟೆಯನ್ನು ಎಳೆದು ನೇರ ಮಾಡಿದರು. ಆಮೇಲೆ ಮಾತನಾಡಿದರು. ಎಡೆಯೆಡೆಯಲ್ಲಿ ನಿಂತದ್ದನ್ನು ನಾನಿಲ್ಲಿ ಬರಹದಲ್ಲಿ ತೋರಿಸುವುದಿಲ್ಲ. ನಾವಿಬ್ಬರೂ ಕಾದೆವು, ಅವರು ಮುಗಿಸಿದರು.

"ಹನ್ನೆರಡು ವರ್ಷ ಈ ಮಾರ್ಕೆಟ್ಟಲ್ಲಿ ತಕ್ಕಡಿ ಹಿಡಿದಿದೀನಿ ಸಾರ್. ಆಮೇಲೆ ವೈರ್‌ಲೆಸ್ ಪರೀಕ್ಷೆ ಪಾಸ್ ಮಾಡ್ಕೊಂಡು ಇಲ್ಲಿಗೆ ಬಂದೆ. ನಿಮ್ದು ಬರೋಕೆ ಮುಂಚಿನ ಹಳೇ ಸೆಟ್ಟಲ್ಲಿ ಗುಂಡಿ ಒತ್ತಿ ಹಿಡಿದ್ರೆ ಬಿಡೋವರೆಗೂ ಲೈನು ನಂದು. ನಡುವೆ ಯಾರೂ ಬಾಯಿ ಹಾಕಂಗಿಲ್ಲ. ಶಿಡ್ಲಘಟ್ಟದ ಮನುಷ್ಯ ಇದಾನಲ್ಲ, ಅಷ್ಟು ಬಾಯಿ, ಅವನೂ ಕಾಯ್ಬೇಕು." ಒಂದು ಸಣ್ಣ ನಗೆ ಸುಳಿಯಿತು. "ಮನೇಲಿ ನಮ್ಮ ಹೆಂಗಸ್ರು ಪಾಪ, ಪ್ರೀತಿಗೇ ನನ್ನ ಮಾತು ಮುಗಿಸ್ತಾರೆ. ಮುಗ್ಸೋದೂ ತಪ್ಪಾಗೇ ಮುಗಿಸ್ತಾರೆ. ನಾನು ನೀರು ಕೇಳಕ್ಕೆ ಹೋದ್ರೆ ಊಟ ಬರ್ತದೆ."

ಸಹಾಯಕಿ ನಕ್ಕಳು. ಅವರೂ ನಕ್ಕರು. ನಾನು ಕೇಳಿದೆ: "ಮೊದಲೇ ನಮಗೆ ಒಂದು ಮಾತು ತಿಳಿಸಬಹುದಿತ್ತಲ್ಲ? ಎಷ್ಟು ಸಲ ಬಂದಿದ್ದೆ."

"ತಿಳಿಸಿದ್ರೆ ನೀವು ಬರ್ಕೊಳ್ತಿದ್ರಿ ಸಾರ್. ಇಲ್ಲಿ ನನ್ನ ಉಗ್ಗು ಯಾರಿಗೆ ಗೊತ್ತಿಲ್ಲ? ಅಧಿಕಾರಿಗಳಿಗೆ ಗೊತ್ತು, ಜವಾನನಿಗೆ ಗೊತ್ತು, ಗೂಡು ತರೋ ರೈತರಿಗೆ ಗೊತ್ತು. ಆದ್ರೆ ಕಾಗದದಲ್ಲಿ ಎಲ್ಲೂ ಇಲ್ಲ. ಬಾಯಲ್ಲಿ ಇರೋದು ಬೇರೆ ಸಾರ್, ಕಾಗದದಲ್ಲಿ ಬರೋದು ಬೇರೆ. ಕಾಗದದಲ್ಲಿ ಬಂತು ಅಂದ್ರೆ ಅವ್ರೂ ಏನೂ ಮಾಡಂಗಿಲ್ಲ, ನಾನೂ ಏನೂ ಮಾಡಂಗಿಲ್ಲ."

"ನಿಮ್ಮ ಹೆಸರನ್ನು ನಾನು ಎಲ್ಲಿಯೂ ಬರೆಯುವುದಿಲ್ಲ" ಎಂದು ಮಾತು ಕೊಟ್ಟೆ. ಆ ದಿನದ ದಿನಚರಿಯಲ್ಲಿ ಇದೇ ವಾಕ್ಯವಿದೆ. ಸಹಾಯಕಿಯ ನೋಟ್‌ಬುಕ್ಕಿನಲ್ಲೂ ಇದೆ.

ಮುಂದಿನ ಮೂರು ವಾರ ನಾವಿಬ್ಬರೂ ಆ ಅರ್ಧ ಸೆಕೆಂಡನ್ನು ಬಿಡಿಸುವುದರಲ್ಲಿ ಕಳೆದೆವು. ಟೇಪುಗಳಿಂದ ಅವರ ನಿಲುಗಡೆಗಳನ್ನು ಅಳೆದಾಗ ಹೆಚ್ಚಿನವು ಎರಡು ಸೆಕೆಂಡಿನೊಳಗೆ, ಕೆಲವು ಎರಡೂವರೆಯವರೆಗೆ ಇದ್ದವು. ಕಾಯುವ ಅವಧಿಯನ್ನು ಮೂರು ಸೆಕೆಂಡಿಗೆ ಏರಿಸಿದರೆ ಅವರ ಮಾತು ಎಲ್ಲಿಯೂ ಕಡಿಯದು. ಆದರೆ ಹಾಗೆ ಏರಿಸಿದ ಮೊದಲ ಬೆಳಿಗ್ಗೆಯೇ ಶಿಡ್ಲಘಟ್ಟದ ದರಗಳು ದಾರಿ ಸಿಗದೆ ರಾಶಿ ಬಿದ್ದವು. ಹರಾಜು ಮುಗಿದು ಗೂಡು ಗಾಡಿಗೇರಿದ ಮೇಲೆ ಗೌರಿಬಿದನೂರಿಗೆ ದರ ತಲುಪಿತು. ಹರಾಜು ಮುಗಿಯುವುದರೊಳಗೆ ದರ ತಲುಪಿಸುತ್ತೇವೆ ಎಂಬುದು ನಮ್ಮ ಪ್ರಯೋಗದ ಲಿಖಿತ ಕರಾರು. ಪರಿಶೀಲನಾ ಸಮಿತಿ ಬರುವುದು ಮಾರ್ಚ್‌ನಲ್ಲಿ.

ದಾರಿ ತೋರಿಸಿದವಳು ಸಹಾಯಕಿ. "ಮಾತು ನಡೀತಿರೋವಾಗ ಯಾಕೆ ಸಾರ್ ಕಿತ್ಕೋಬೇಕು? ಶುರುವಾಗೋಕೆ ಮುಂಚೆನೇ ಕಾಯ್ಸಣ" ಎಂದಳು. ಅದರಂತೆ ನಿಯಮವನ್ನು ತಿರುಗಿಸಿ ಬರೆದೆವು. ಆಪರೇಟರ್ ಗುಂಡಿ ಒತ್ತಿದೊಡನೆ ಮೂಲ ಕೇಂದ್ರ ಕಾದಿರುವ ದತ್ತಾಂಶದ ಕಂತುಗಳಲ್ಲಿ ಮೂರನ್ನು ಮೊದಲು ಸಾಗಿಸುತ್ತದೆ, ಆಮೇಲೆ ಹಸಿರು ದೀಪ ಕೊಡುತ್ತದೆ. ಹಸಿರು ಬಂದ ಮೇಲೆ ಮೂರು ಸೆಕೆಂಡ್ ಸತತ ಮೌನವಿದ್ದರೆ ಹೊರತು ಚಾನೆಲ್ ಅವರದೇ. ಎಲ್ಲರೂ ಮಾತಿಗೆ ಮುನ್ನ ಒಂದಿಷ್ಟು ಕಾಯುತ್ತಾರೆ, ಯಾರ ಮಾತೂ ನಡುವೆ ಕಡಿಯುವುದಿಲ್ಲ. ನಾಲ್ಕೂ ಕೇಂದ್ರಗಳಿಗೆ ಒಂದೇ ನಿಯಮ. ಮಾತಿನ ಬಿಡುವುಗಳನ್ನು ಹೆಕ್ಕುವ ನಮ್ಮ ಮೂಲ ಜಾಣತನ ಬಹುಪಾಲು ಕೈಬಿಟ್ಟು ಹೋಯಿತು, ಆದರೆ ದರಗಳು ಹರಾಜಿನ ಒಳಗೆ ತಲುಪತೊಡಗಿದವು.

ಫೆಬ್ರವರಿ ಕೊನೆಯ ವಾರದ ಒಂದು ಬೆಳಿಗ್ಗೆಯನ್ನು ಇಲ್ಲಿ ದಾಖಲಿಸಬೇಕು. ಚಿಂತಾಮಣಿಯ ಕರೆ ಬಂತು. ಹಸಿರು ದೀಪ. ಅವರು ಲಾಟುಗಳ ಲೆಕ್ಕ ಕೊಟ್ಟರು, ನಿಂತರು, ಮುಂದುವರಿದರು, ಪೂರ್ತಿ ಮಾಡಿದರು. ಗುಂಡಿ ಬಿಡಲಿಲ್ಲ. ಲೆಕ್ಕದ ನಂತರ ಶಿಡ್ಲಘಟ್ಟದವರನ್ನುದ್ದೇಶಿಸಿ, ಎರಡು ಕಡೆ ನಿಂತು, ಹೇಳಿದರು: "ಬಿರಿಯಾನಿಗೆ ಹೊರಟೋರು ವಾಪಸ್ ಬರ್ಲಿ. ನನ್ನ ಮಾತು ಇನ್ನೂ ಮುಗಿದಿಲ್ಲ." ಶಿಡ್ಲಘಟ್ಟದ ಬಾಯಿ ಜೋರಿನ ಮನುಷ್ಯ ಗಹಗಹಿಸಿದರು. ಮೂಲ ಕೇಂದ್ರದಲ್ಲಿ ಸಹಾಯಕಿ ಚಪ್ಪಾಳೆ ಹೊಡೆದಳು.

ಅಂತಿಮ ವರದಿಯನ್ನು ನಾನೇ ಬರೆದೆ. ಅರ್ಧ ಸೆಕೆಂಡನ್ನು ಮೂರು ಸೆಕೆಂಡಿಗೆ ಏಕೆ ಬದಲಾಯಿಸಿದೆವು ಎಂದು ಸಮಿತಿ ಕೇಳಿಯೇ ಕೇಳುತ್ತದೆ. ಮಂಜಿನ ವಾದವನ್ನು ಹಾಗೆಯೇ ಬಿಟ್ಟಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ, ಆದರೆ ಅದು ಸುಳ್ಳು. ಸುಳ್ಳು ಬರೆಯುವ ಯೋಚನೆ ಒಂದು ಕ್ಷಣವೂ ಬರಲಿಲ್ಲ. ಕರಡನ್ನು ಓದಿ ಸಹಾಯಕಿ ಕೇಳಿದಳು:

"ಸಾರ್, ‘ಮಾತಿನ ಬಿಡುವು ಒಬ್ಬೊಬ್ಬರಿಗೆ ಒಂದೊಂದು ಥರ, ಪ್ರಯೋಗಾಲಯದ ಆರು ಜನರ ಅಳತೆ ಸಾಲಲಿಲ್ಲ’ ಅಂತ ಬರೆದ್ರೆ ಸಾಕಲ್ವಾ? ಅದೂ ನಿಜಾನೇ ಅಲ್ವಾ?"

"ನಿಜ. ಆದರೆ ಪುರಾವೆ ಬೇಡವೇ?"

"ಯಾರಿಗೆ ಸಾರ್ ಬೇಕಾಗಿರೋದು ಪುರಾವೆ?"

ನನಗೆ ಆ ಐದು ದಿನಗಳ ರಜೆ, ಒಂದು ದಿನ ಸರಿದ ಗಡಿಯಾರ, ಮಂಜಿದ್ದರೂ ನಿಂತುಹೋದ ತಡೆಗಳು, ಅವೆಲ್ಲ ಒಂದರ ಮೇಲೊಂದು ಬಂದು ಕೂತ ರೀತಿ ಕೈಬಿಡಲಾರದಷ್ಟು ಅಚ್ಚುಕಟ್ಟಾಗಿ ಕಂಡಿತ್ತು. ಅವನ್ನು ಕೋಷ್ಟಕವಾಗಿ ಹಾಕಿದೆ. ಕೋಷ್ಟಕದ ಅಡಿಯಲ್ಲಿ ಒಂದು ಟಿಪ್ಪಣಿ: ತಡೆಗಳಿಗೆ ಕಾರಣ ಚಿಂತಾಮಣಿ ಕೇಂದ್ರದ ಬೆಳಗಿನ ಪಾಳಿಯ ಆಪರೇಟರ್‌ಗೆ ಇರುವ ಉಗ್ಗು. ಹೆಸರು ಬರೆಯಲಿಲ್ಲ. ಕೊಟ್ಟ ಮಾತಿಗೆ ತಪ್ಪಿಲ್ಲವೆಂದೇ ಆಗ ನಂಬಿದ್ದೆ. ಚಿಂತಾಮಣಿಯ ಬೆಳಗಿನ ಪಾಳಿಯಲ್ಲಿದ್ದುದು ಒಬ್ಬರೇ ಆಪರೇಟರ್.

ಸಮಿತಿ ವರದಿಯನ್ನು ಮೆಚ್ಚಿತು. ಆ ಕೋಷ್ಟಕವನ್ನು ವಿಶೇಷವಾಗಿ ಮೆಚ್ಚಿತು. ನಿಯಮದಂತೆ ಒಂದು ಪ್ರತಿ ಇಲಾಖೆಗೆ ಹೋಯಿತು.

ಏಪ್ರಿಲ್‌ನಲ್ಲಿ ಆದೇಶ ಹೊರಟಿತು. ಸದರಿ ನೌಕರರು ಧ್ವನಿ ಸಂವಹನದ ಕೆಲಸಕ್ಕೆ ಸೂಕ್ತರಲ್ಲವೆಂದು ತಾಂತ್ರಿಕ ವರದಿಯಿಂದ ಕಂಡುಬಂದಿರುವುದರಿಂದ ಅವರನ್ನು ಗೌರಿಬಿದನೂರು ಕಚೇರಿಯ ದಾಖಲೆ ಶಾಖೆಗೆ ವರ್ಗಾಯಿಸಿದೆ ಎಂದಿತ್ತು. ಆ ಹೊತ್ತಿಗೆ ಚಿಂತಾಮಣಿಯ ಬೆಳಗಿನ ತಡೆಗಳು ಪಟ್ಟಿಯಿಂದಲೇ ಮರೆಯಾಗಿದ್ದವು. ಇದನ್ನೇ ಮುಂದೊಡ್ಡಿ ನಾನು ಇಲಾಖೆಗೆ ಮೂರು ಪತ್ರ ಬರೆದೆ. ದೋಷ ಯಂತ್ರದ್ದು, ಅದನ್ನು ಸರಿಪಡಿಸಲಾಗಿದೆ, ನೌಕರರು ಸಂಪೂರ್ಣ ಸಮರ್ಥರು. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಉತ್ತರ ಎರಡೇ ಸಾಲಿನದು: ತಮ್ಮದೇ ವರದಿಯ ಕೋಷ್ಟಕ ಮತ್ತು ಅದರ ಕೆಳಗಿನ ಟಿಪ್ಪಣಿಯನ್ನು ದಯವಿಟ್ಟು ನೋಡುವುದು. ಉತ್ತರದ ಜೊತೆಗೆ ಆ ಪುಟದ ನಕಲನ್ನೂ ಲಗತ್ತಿಸಿದ್ದರು. ಟಿಪ್ಪಣಿಯ ಅಡಿ ಗೆರೆ ಎಳೆದಿತ್ತು.

ಚಿಂತಾಮಣಿಯ ಮಾರುಕಟ್ಟೆ ಅಧಿಕಾರಿಯನ್ನು ಕಂಡು ಕೇಳಿದೆ. ಒಳ್ಳೆಯ ಮನುಷ್ಯ, ಆಪರೇಟರ್ ಬಗ್ಗೆ ಅಭಿಮಾನವಿದ್ದವರು. "ಐದು ವರ್ಷದಿಂದ ನಾನು ಕಣ್ಣು ಮುಚ್ಕೊಂಡಿದ್ದೆ ಸಾರ್" ಎಂದರು. "ನೀವು ಕಣ್ಣಿಗೆ ಕಾಣೋ ಹಾಗೆ ಬರೆದ್ಬಿಟ್ರಿ. ಈಗ ನಾನು ಯಾವ ಬಾಯಲ್ಲಿ ಇಲ್ಲ ಅನ್ನಲಿ?"

ಸಹಾಯಕಿ ಈ ವಿಷಯದಲ್ಲಿ ನನ್ನನ್ನು ಒಮ್ಮೆಯೂ ದೂರಲಿಲ್ಲ. ಮೇ ತಿಂಗಳಲ್ಲಿ ಬೇರೆ ಯೋಜನೆಗೆ ವರ್ಗ ಕೇಳಿಕೊಂಡಳು. ಅರ್ಜಿಯಲ್ಲಿ ಕಾರಣದ ಜಾಗ ಖಾಲಿಯಿತ್ತು. ನಾನು ತುಂಬಿಸಲು ಹೇಳದೆ ರುಜು ಹಾಕಿದೆ.

ಅದೇ ವರ್ಷದ ಮಳೆಗಾಲದಲ್ಲಿ ಜಾಲದ ಉಸ್ತುವಾರಿಗೆಂದು ಗೌರಿಬಿದನೂರಿಗೆ ಹೋದೆ. ದಿನಚರಿ ಮಂಗಳವಾರ ಎನ್ನುತ್ತದೆ, ಪ್ರಯಾಣದ ಟಿಪ್ಪಣಿ ಬುಧವಾರ ಎನ್ನುತ್ತದೆ. ಯಾವುದು ಸರಿಯೋ ತಿಳಿಯದು. ಕಚೇರಿಯ ಹಿಂಬದಿಯಲ್ಲಿ ದಾಖಲೆ ಶಾಖೆ. ಚಿಂತಾಮಣಿಯ ಆ ಆಪರೇಟರ್ ಮೇಜಿನ ಮುಂದೆ ಕೂತು ಹಳೆಯ ಕಡತಗಳನ್ನು ವರ್ಷವಾರು ಜೋಡಿಸಿ ದಾರ ಕಟ್ಟುತ್ತಿದ್ದರು. ಪಕ್ಕದಲ್ಲಿ ಒಬ್ಬ ಗುಮಾಸ್ತರು. ಹೊರಗಿನ ಕೋಣೆಯಿಂದ ನಮ್ಮ ಸೆಟ್ಟಿನಲ್ಲಿ ಶಿಡ್ಲಘಟ್ಟದವರ ಧ್ವನಿ ಸ್ಪಷ್ಟವಾಗಿ ಕೇಳಿಬರುತ್ತಿತ್ತು.

ನನ್ನನ್ನು ಕಂಡು ಎದ್ದು ನಿಂತರು. ಕುರ್ಚಿ ಕೊಟ್ಟರು. ಚಿಂತಾಮಣಿಯ ಮನೆ ಬಿಟ್ಟಿಲ್ಲ, ವಾರಕ್ಕೊಮ್ಮೆ ಹೋಗಿ ಬರುತ್ತಾರೆ ಎಂದು ಗುಮಾಸ್ತರೇ ತಿಳಿಸಿದರು. ತಂಗಿ ಚೆನ್ನಾಗಿದ್ದಾಳೆ ಎಂದೂ ಅವರೇ ತಿಳಿಸಿದರು. ನಾನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಕ್ಷಮೆಯ ಮಾತು ಆ ಮೂರನೆಯವರ ಎದುರು ಹೊರಬರಲಿಲ್ಲ.

ಆಗ ಅವರು ನನ್ನತ್ತ ತಿರುಗಿ, "ಸಾರ್, ನೀವು ಆ ರಿಪೋರ್ಟಲ್ಲಿ..." ಎಂದು ಶುರುಮಾಡಿ ನಿಂತರು. ಮುಖ ಬಿಗಿಯಿತು. ಮುಂದಿನ ಶಬ್ದ ತುಟಿಯ ಒಳಗೇ ಇತ್ತು. ಒಂದು ಸೆಕೆಂಡ್ ಆಗಿರಬಹುದು, ಒಂದೂವರೆ ಆಗಿರಬಹುದು.

"ರಿಪೋರ್ಟು ಚೆನ್ನಾಗಿ ಬರ್ದಿದೀರಿ ಅಂತಾರೆ ಸಾರ್" ಎಂದು ಗುಮಾಸ್ತರು ಮುಗಿಸಿದರು. "ಇಲ್ಲಿ ಎಲ್ರೂ ಅದನ್ನೇ ಮಾತಾಡ್ಕೊಳ್ತಾರೆ."

ಅವರು ಗುಮಾಸ್ತರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಹೇಳಹೊರಟಿದ್ದು ಅದಲ್ಲವೆಂದು ನನಗೆ ತಿಳಿದಿತ್ತು. "ಅವರನ್ನೇ ಹೇಳಲು ಬಿಡಿ" ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಅದರ ಬದಲು ನಾನು, "ಸಂತೋಷ" ಎಂದುಬಿಟ್ಟೆ.

ಅವರು ಮೆಲ್ಲಗೆ ತಲೆಯಾಡಿಸಿದರು. ಕೂತು, ಕಡತವನ್ನು ಹತ್ತಿರಕ್ಕೆ ಎಳೆದುಕೊಂಡು, ದಾರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನಾನು ಹೊತ್ತಾಯಿತೆಂದು ಹೇಳಿ ಎದ್ದೆ.